ಹಿಂದೆ ಕೂತವರಿಗೆ ಹಳೆಯ ಹೆಲ್ಮೆಟ್ ಸಾಕೇ?

ಮುಂಬಯಿ ಸಂಚಾರ ಪೊಲೀಸರು 2022ರ ಜೂನ್‌ನಲ್ಲಿ ಹಿಂಬದಿ ಸವಾರರ ಹೆಲ್ಮೆಟ್ ತಪಾಸಣೆಯನ್ನು ಬಿಗಿಗೊಳಿಸಿದಾಗ, ಅನೇಕರ ಮನೆಯಲ್ಲಿ ಮೂಲೆ ಸೇರಿದ್ದ ಹಳೆಯ ಹೆಲ್ಮೆಟ್‌ಗಳು ಹೊರಬಂದವು. ಇಂದಿಗೂ ಹೊಸದು ಗಂಡನಿಗೆ, ಹಳೆಯದು ಹಿಂದೆ ಕೂರುವ ಹೆಂಡತಿಗೆ ಎಂಬ ಪರಿಪಾಠ ತುಳು-ಕನ್ನಡಿಗರ ಮನೆಗಳಲ್ಲೂ ಇದೆ. ಸಂಘದ ಸಮಾರಂಭ ಮುಗಿಸಿ ತಡರಾತ್ರಿ ಬೈಕ್‌ನಲ್ಲಿ ಮರಳುವ ದಂಪತಿಗೆ ದಂಡದ ಭಯವೇನೋ ತಪ್ಪಿತು. ಆದರೆ ತಲೆಗೆ ರಕ್ಷಣೆ ಸಿಕ್ಕಿತೇ?

ಹೆಲ್ಮೆಟ್‌ನ ಬಲ ಹೊರಗಿನ ಚಿಪ್ಪಿನಲ್ಲಷ್ಟೇ ಇಲ್ಲ. ಒಳಗಿನ ಥರ್ಮೋಕೋಲ್ ಪದರ ತಾನು ಜಜ್ಜಿಹೋಗಿ ಪೆಟ್ಟಿನ ರಭಸವನ್ನು ತಡೆಯುತ್ತದೆ. ಒಮ್ಮೆ ಜಜ್ಜಿದ ಪದರ ಮತ್ತೆ ಮೊದಲಿನಂತಾಗದು. ಆದ್ದರಿಂದ ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಬಿರುಕು ಕಾಣದಿದ್ದರೂ, ಬಳಕೆಗೆ ಯೋಗ್ಯವಲ್ಲ. ಪೆಟ್ಟು ಬೀಳದಿದ್ದರೂ ಬಿಸಿಲು, ಬೆವರು, ತಲೆಗೆಣ್ಣೆಗಳಿಂದ ಅದು ಸವೆಯುತ್ತದೆ. ಸುಮಾರು 5 ವರ್ಷಕ್ಕೊಮ್ಮೆ ಬದಲಾಯಿಸಬೇಕೆಂಬುದು ಅನೇಕ ತಯಾರಕರ ಸಲಹೆ.

ಹೊಸದು ಕೊಳ್ಳುವಾಗಲೂ ಎಚ್ಚರ ಅಗತ್ಯ. 2021ರ ಜೂನ್ 1ರಿಂದ ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೂ ರಸ್ತೆ ಬದಿಯ ಅಗ್ಗದ ಮಾಲಿಗೆ ಗಿರಾಕಿಗಳು ತಪ್ಪಿಲ್ಲ. ಧರಿಸುವವರೇ ಅಂಗಡಿಗೆ ಹೋಗಿ ಹಾಕಿ ನೋಡಬೇಕು. ಗಂಡನ ಅಳತೆ ಹೆಂಡತಿಗೆ ಹೊಂದಬೇಕೆಂದಿಲ್ಲ. ಕೆನ್ನೆಗೆ ಒತ್ತಿ ಕೂರಬೇಕು, ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದರೆ ಜಾರಬಾರದು. ಸಡಿಲವಾದದ್ದು ಬಿದ್ದಾಗ ತಲೆಯಿಂದಲೇ ಹಾರಿಹೋದೀತು.

ಬೈಕ್‌ಗೆ ಲಕ್ಷ ರೂಪಾಯಿ ಸುರಿಯುವವರು ಎರಡನೇ ಹೆಲ್ಮೆಟ್‌ಗೆ ಚೌಕಾಸಿ ಮಾಡುವುದು ಸಲ್ಲದು. ಬೈಕ್ ಉರುಳಿದರೆ ನೆಲಕ್ಕೆ ಬೀಳುವುದು ಇಬ್ಬರ ತಲೆಯೂ ಹೌದು.