ಗೋಡೆಗೆ ತೂಗುವ ಬಾಗಿಲು



ನಮ್ಮ ಕಾಸರಗೋಡು ಕಡೆಯ ಹಳೆಯ ಮನೆಗಳಲ್ಲಿ ಶೌಚಾಲಯ ಹಿತ್ತಿಲಲ್ಲಿರುತ್ತಿತ್ತು. ಈಗ ಹಿರಿಯರಿಗೆ ಅನುಕೂಲವಾಗಲೆಂದು ಮಲಗುವ ಕೋಣೆಗೇ ತಾಗಿಸಿ ಕಟ್ಟಿಸುತ್ತಾರೆ. ಒಳ್ಳೆಯದೇ. ಆದರೆ ಇಕ್ಕಟ್ಟಾದ ಕೋಣೆಯಲ್ಲಿ ಬಾಗಿಲು ಎತ್ತ ತೆರೆಯಬೇಕು? ಹೊರಗೆ ತೆರೆದರೆ ಮಂಚಕ್ಕೆ ಬಡಿಯುತ್ತದೆ. ಒಳಗೆ ತೆರೆದರೆ ಅದಕ್ಕಿಂತ ದೊಡ್ಡ ಅಪಾಯ. ಅಜ್ಜನೋ ಅಜ್ಜಿಯೋ ತಲೆಸುತ್ತಿ ಬಾಗಿಲಿಗೆ ಅಡ್ಡವಾಗಿ ಬಿದ್ದರೆ ಹೊರಗಿನಿಂದ ಎಷ್ಟು ತಳ್ಳಿದರೂ ಅದು ತೆರೆಯದು. ಇಂಥ ಕಡೆ ಗೋಡೆಯ ಬದಿಗೆ ಸರಿಯುವ ಬಾಗಿಲು ನಿಜಕ್ಕೂ ಉಪಕಾರಿ. ಮೇಲೆ ಒಂದು ಉಕ್ಕಿನ ಹಳಿ, ಅದರ ಮೇಲೆ ಎರಡು ಗಾಲಿ, ಗಾಲಿಗಳಿಂದ ತೂಗುವ ಬಾಗಿಲು, ಇಷ್ಟೇ. ಅಂಗಡಿಯವರು ಇದನ್ನು 'ಬಾರ್ನ್ ಡೋರ್' ಎನ್ನುತ್ತಾರೆ. ಕುಟುಂಬ ಭೇಟಿಗೆ ಹೋದಲ್ಲಿ ಇದರ ಬಗ್ಗೆ ಕೇಳುವವರು ಹೆಚ್ಚುತ್ತಿರುವುದರಿಂದ ಈ ಸಲ ನಾವು ಇದನ್ನೇ ವಿಷಯವಾಗಿ ಎತ್ತಿಕೊಂಡಿದ್ದೇವೆ.

'ಬಾರ್ನ್' ಎಂದರೆ ಹುಲ್ಲು, ಧಾನ್ಯ, ದನಕರುಗಳನ್ನು ಇಡುವ ದೊಡ್ಡ ಕೊಟ್ಟಿಗೆ. ಹುಲ್ಲಿನ ಗಾಡಿ ಒಳಹೋಗುವಷ್ಟು ಅಗಲದ ಬಾಗಿಲನ್ನು ಬಿಜಾಗರಿಗೆ ಸಿಕ್ಕಿಸಿದರೆ ಗಾಳಿಗೆ ಬಡಿದುಕೊಳ್ಳುತ್ತದೆ. ಹಿಮ ಬಿದ್ದರೆ ಹೊರಗೆ ತೆರೆಯಲೂ ಆಗುವುದಿಲ್ಲ. ಅದಕ್ಕಾಗಿ ಅಮೆರಿಕದ ರೈತರು ಬಾಗಿಲನ್ನು ಹಳಿಗೆ ತೂಗುಹಾಕಿದರು. ನಮಗೂ ಇದು ತೀರ ಹೊಸತಲ್ಲ. ಗೋದಾಮುಗಳಲ್ಲಿ ಬದಿಗೆ ಸರಿಯುವ ಬಾಗಿಲನ್ನು ನಾವೆಲ್ಲ ನೋಡಿದ್ದೇವೆ.

ಅಂಗಡಿಗೆ ಹೋದವರು ಮೊದಲು ನೋಡುವುದು ಗಾಲಿಯ ಚಂದ, ಬಣ್ಣ, ಹಿಡಿಯ ವಿನ್ಯಾಸ. ಮೊದಲು ನೋಡಬೇಕಾದದ್ದು ಮನೆಯ ಗೋಡೆ. ಮಾಮೂಲಿ ಬಾಗಿಲಿನ ಭಾರವನ್ನು ದಾರಂದ ಹೊರುತ್ತದೆ. ಇಲ್ಲಿ ಅಷ್ಟೂ ಭಾರ ಗೋಡೆಗೆ ಹೊಡೆದ ಐದಾರು ಬೋಲ್ಟುಗಳ ಮೇಲೆ. ಭಾರ ಎಷ್ಟೆಂದು ಲೆಕ್ಕ ಹಾಕೋಣ. 3 ಅಡಿ ಅಗಲದ ತೆರಪಿಗೆ ಎರಡೂ ಬದಿಯಲ್ಲಿ 2 ಇಂಚು ಹೆಚ್ಚಾಗಿ ಮುಚ್ಚಬೇಕು. ಆಗ ಬಾಗಿಲಿನ ಅಗಲ 40 ಇಂಚು, ಅಂದರೆ ಸುಮಾರು 1 ಮೀಟರ್. ಎತ್ತರ 2.1 ಮೀಟರ್, ದಪ್ಪ 35 ಮಿಲಿಮೀಟರ್ ಎಂದಾದರೆ ಗಟ್ಟಿ ತೇಗದ ಬಾಗಿಲು ಹೆಚ್ಚುಕಡಿಮೆ 48 ಕಿಲೊ ತೂಗುತ್ತದೆ. ಒಂದು ಚೀಲ ಸಿಮೆಂಟನ್ನು ಗೋಡೆಗೆ ನೇತುಹಾಕಿ ದಿನಕ್ಕೆ ಹತ್ತು ಸಲ ಆಚೀಚೆ ಎಳೆದಂತೆ! ಹಳಿ ಮತ್ತು ಗಾಲಿಯ ಸೆಟ್ಟಿನ ಮೇಲೆ ಅದು ಎಷ್ಟು ಕಿಲೊ ತಾಳುತ್ತದೆಂದು ಬರೆದಿರುತ್ತದೆ. ಬಾಗಿಲಿನ ತೂಕದ ಒಂದೂವರೆ ಪಟ್ಟಾದರೂ ತಾಳುವಂಥದನ್ನು ಕೊಳ್ಳಿ.

ಹಳಿಯ ಉದ್ದ ಬಾಗಿಲಿನ ಅಗಲದ ಎರಡರಷ್ಟು ಇರಬೇಕು. ನಮ್ಮ ಲೆಕ್ಕದ ಬಾಗಿಲಿಗೆ ಅದು 2 ಮೀಟರ್. ತೊಡಕು ಇರುವುದು ಇಲ್ಲೇ. ತೆರಪಿನ ಮೇಲೆ ಕಾಂಕ್ರೀಟಿನ ಲಿಂಟಲ್ ಇರುತ್ತದೆ, ಆದರೆ ಅದು ಎರಡೂ ಬದಿಗೆ ಅರ್ಧ ಅಡಿಯಷ್ಟು ಚಾಚಿ ನಿಂತುಬಿಡುತ್ತದೆ. ಬಾಗಿಲು ಮುಚ್ಚಿದ್ದಾಗ ಭಾರ ಲಿಂಟಲಿನ ಮೇಲೆ. ತೆರೆದಾಗ ಭಾರವೆಲ್ಲ ಅದರಾಚೆಯ ಬರೀ ಕಲ್ಲಿನ ಮೇಲೆ. ಲಿಂಟಲನ್ನು ಮನೆಯ ಸುತ್ತಲೂ ಬೆಲ್ಟಿನಂತೆ ಹಾಕಿಸಿದ್ದರೆ ಚಿಂತೆಯಿಲ್ಲ. ಅದಿಲ್ಲದಿದ್ದರೆ ನಮ್ಮ ಮುರಕಲ್ಲಿನ ಗೋಡೆ ವಿಚಾರ ಮಾಡಬೇಕಾದ ಗೋಡೆ. ಮುರಕಲ್ಲು ಮನೆ ಹೊರಲು ಗಟ್ಟಿ, ಆದರೆ ತೂತು ತೂತಾದ ಅದರ ಮೈಯಲ್ಲಿ ಪ್ಲಾಸ್ಟಿಕ್ ಪ್ಲಗ್ಗಾಗಲಿ ಹಿಗ್ಗುವ ಬೋಲ್ಟಾಗಲಿ ನೆಚ್ಚಿಕೊಳ್ಳುವಂತೆ ಕಚ್ಚುವುದಿಲ್ಲ. ಮೊದಲ ವಾರ ಏನೂ ಗೊತ್ತಾಗುವುದಿಲ್ಲ. ಎಳೆದೆಳೆದು ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಪೆಟ್ಟಿಗೆಯೊಳಗೆ ಬರುವ ಉದ್ದ ಸ್ಕ್ರೂಗಳು ಹೆಚ್ಚಾಗಿ ಅಮೆರಿಕದ ಮರದ ಚೌಕಟ್ಟಿನ ಮನೆಗಳ ಕ್ರಮಕ್ಕೆ ಹೊಂದುವಂಥವು. ಅಲ್ಲಿ ಗೋಡೆಯೊಳಗೆ 16 ಇಂಚಿಗೊಂದರಂತೆ ಮರದ ಕಂಬಗಳಿರುತ್ತವೆ. ಅದನ್ನೇ ನಮ್ಮ ಗೋಡೆಗೆ ಹೊಡೆಯುವುದು ಬೇಡ.

ಬದಲಿಗೆ, 6 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಗಟ್ಟಿಮರದ ಹಲಗೆಯೊಂದನ್ನು ಹಳಿಯಷ್ಟೇ ಉದ್ದಕ್ಕೆ ಮಾಡಿಸಿ. ಗೋಡೆಯನ್ನು ಆಚೆಬದಿಯವರೆಗೂ ಕೊರೆದು, 12 ಮಿಲಿಮೀಟರಿನ ಬೋಲ್ಟುಗಳನ್ನು ದಾಟಿಸಿ, ಆಚೆಬದಿಯಲ್ಲಿ ಅಂಗೈಯಗಲದ ಕಬ್ಬಿಣದ ತಗಡಿಟ್ಟು ನಟ್ಟು ಬಿಗಿಯಲಿ. ಹಲಗೆ ಗೋಡೆಗೆ ನಿಂತ ಮೇಲೆ ಹಳಿಯನ್ನು ಹಲಗೆಗೆ ಕೂರಿಸುವುದು. ದಾರಂದ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿದ್ದರೆ ಬಾಗಿಲು ಅದಕ್ಕೆ ಉಜ್ಜದಂತೆ ಸರಿಯಲೂ ಈ ಹಲಗೆಯ ದಪ್ಪ ನೆರವಾಗುತ್ತದೆ. ಆಚೆಬದಿಗೆ ಬೋಲ್ಟು ದಾಟಿಸಲು ಆಗದ ಕಡೆ ಕಲ್ಲನ್ನು ಗೂಡಿನಂತೆ ಕಡಿದು, ಕಾಂಕ್ರೀಟಿನಲ್ಲಿ ಬೋಲ್ಟು ಹುಗಿದು, ನೀರುಣಿಸಿ ವಾರ ಹತ್ತು ದಿನ ಬಿಡಬೇಕು. ಮಣ್ಣಿನ ಗೋಡೆಯಾದರೆ ಅದಕ್ಕೆ ಏನನ್ನೂ ತೂಗಿಸಬೇಡಿ. ನೆಲದಿಂದಲೇ ಕಂಬ ನಿಲ್ಲಿಸಿ ಅದರ ಮೇಲೆ ತೊಲೆ ಕೊಡಿ. ಕೊರೆಯುವ ಮುನ್ನ ಮೈನ್ ಸ್ವಿಚ್ ಆರಿಸುವುದನ್ನು ಮರೆಯದಿರಿ. ಸ್ವಿಚ್ಚಿನ ಹಲಗೆಯ ನೇರ ಮೇಲ್ಗಡೆ ತಂತಿಯ ಪೈಪು ಹೋಗಿರುತ್ತದೆ. ಅಂದಹಾಗೆ, ತೆರೆದ ಬಾಗಿಲು ಬಂದು ನಿಲ್ಲುವ ಗೋಡೆಯಲ್ಲಿ ಸ್ವಿಚ್ಚೂ ಇರಬಾರದು, ದೇವರ ಪಟವೂ ಇರಬಾರದು.

ಹಳಿಯನ್ನು ರಸಮಟ್ಟ ಇಟ್ಟೇ ಕೂರಿಸಬೇಕು. ಸ್ವಲ್ಪ ಓರೆಯಾದರೂ ಬಾಗಿಲು ತಾನಾಗಿ ಉರುಳಿ ಹೋಗುತ್ತದೆ.

ಇನ್ನು ಕೆಲವರು "ಇದೆಲ್ಲ ಯಾಕೆ?" ಎಂದು ಪೆಟ್ಟಿಗೆಯಲ್ಲೇ ಬಿಟ್ಟುಬಿಡುವ ಮೂರು ಚಿಕ್ಕ ವಸ್ತುಗಳಿವೆ. ಹಳಿಯ ಎರಡು ತುದಿಗೆ ಹಾಕುವ ತಡೆ. ಗಾಲಿ ಹಳಿಯಿಂದ ಮೇಲಕ್ಕೆ ಹಾರದಂತೆ ಬಾಗಿಲಿನ ನೆತ್ತಿಗೆ ಸ್ಕ್ರೂ ಮಾಡುವ ಬಿಲ್ಲೆಗಳು. ಬಾಗಿಲಿನ ಬುಡ ಓಲಾಡದಂತೆ ಕೆಳಗೆ ಹಾಕುವ ಗೈಡ್. ಮಕ್ಕಳು ಬಾಗಿಲನ್ನು ಓಡಿಸಿ ಆಡುವುದನ್ನು ಯಾರೂ ತಡೆಯಲಾರರು. ತಡೆ ಇಲ್ಲದ ಹಳಿಯಿಂದ 48 ಕಿಲೊ ಮರ ಮಗುವಿನ ಮೇಲೆ ಬೀಳುವುದನ್ನು ಊಹಿಸಿಕೊಳ್ಳಿ. ಮೂರನ್ನೂ ಹಾಕದೆ ಬಡಗಿಗೆ ಕೂಲಿ ಕೊಡಬೇಡಿ ಎಂದೇ ನಾವು ಹೇಳುತ್ತೇವೆ. ಶೌಚಾಲಯದ ಬಾಗಿಲಿಗೆ ಗೈಡನ್ನು ನೆಲದ ಟೈಲ್ಸ್ ಕೊರೆದು ಹಾಕುವುದಕ್ಕಿಂತ ಗೋಡೆಯ ಬುಡಕ್ಕೆ ಹಾಕುವುದು ಲೇಸು. ಕಾಲಿಗೂ ಎಡವುವುದಿಲ್ಲ, ಗಾಲಿಕುರ್ಚಿಗೂ ಅಡ್ಡವಿಲ್ಲ.

ಕಡಲ ಗಾಳಿ ತಾಗುವ ಮಂಜೇಶ್ವರ, ಕುಂಬಳೆ ಕಡೆಯವರು ಕಪ್ಪು ಬಣ್ಣ ಬಳಿದ ಮಾಮೂಲಿ ಉಕ್ಕಿಗೆ ಮರುಳಾಗಬೇಡಿ. ಗಾಲಿ ಉಜ್ಜಿದಲ್ಲಿ, ಕೊರೆದಲ್ಲಿ ಬಣ್ಣ ಎದ್ದು ತುಕ್ಕು ಹಿಡಿಯುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ, ಸಮುದ್ರದಂಚಿನ ಮನೆಯಾದರೆ 316. ಗಾಲಿಗೆ ನೈಲಾನ್ ಹೊದಿಕೆ ಇದ್ದರೆ ರಾತ್ರಿ ಹೊತ್ತು ಮನೆಯವರೆಲ್ಲ ಏಳುವಂಥ ಸದ್ದು ಬರುವುದಿಲ್ಲ.

ಈ ಬಾಗಿಲಿನಿಂದ ಆಗದ್ದನ್ನೂ ಹೇಳಬೇಕು. ಗೋಡೆಗೂ ಬಾಗಿಲಿಗೂ ನಡುವೆ ಅರ್ಧ ಇಂಚಿನಷ್ಟಾದರೂ ಸಂದು ಉಳಿಯುತ್ತದೆ. ಸದ್ದು, ವಾಸನೆ, ಬೆಳಕು ದಾಟುತ್ತವೆ. ಊಟದ ಕೋಣೆಗೆ ತೆರೆಯುವ ಶೌಚಾಲಯಕ್ಕೆ ಇದು ಸಲ್ಲದು, ಬೀದಿಬಾಗಿಲಿಗಂತೂ ಬೇಡವೇ ಬೇಡ. ಹಿರಿಯರ ಕೋಣೆಗೆ ಹಾಕಿಸುವವರು ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವ ಕೊಕ್ಕೆಚಿಲಕ ಹಾಕಿಸಿ. ಸಾದಾ ಅಗುಳಿ ಹಾಕಿದರೆ ನಾವು ಆರಂಭದಲ್ಲಿ ಹೇಳಿದ ಅಪಾಯ ಹಾಗೆಯೇ ಉಳಿಯುತ್ತದೆ. ಬಾಗಿಲಿನ ಒಳಮೈಯ ಹಿಡಿ ಮರದೊಳಗೆ ಹುದುಗಿರಬೇಕು. ಹೊರಚಾಚಿದ್ದರೆ ದಾರಂದಕ್ಕೆ ತಾಗಿ ಬಾಗಿಲು ಪೂರ್ತಿ ಸರಿಯದು, ಗಾಲಿಕುರ್ಚಿಗೆ ಬೇಕಾದ ಜಾಗವೂ ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ಬಿಜಾಗರಿಯ ಬಾಗಿಲುಗಳು ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುವಂತೆ ಇದು ಕಚ್ಚಿಕೊಳ್ಳುವುದಿಲ್ಲ, ಅದೊಂದು ಲಾಭ. ಆದರೆ ಹಸಿ ಮರದ ಅಗಲ ಹಲಗೆಗಳನ್ನು ಜೋಡಿಸಿದರೆ ಬಾಗಿಲು ಸೊಟ್ಟಗಾಗಿ ಗೋಡೆಗೆ ಉಜ್ಜುತ್ತದೆ. ಚೆನ್ನಾಗಿ ಒಣಗಿದ ಮರವನ್ನೇ ಕೊಡಿ. ಹಳಿಗೆ ಗ್ರೀಸ್ ಬಳಿಯಬಾರದು, ಧೂಳು ಮೆತ್ತಿಕೊಳ್ಳುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಹಾಕಿಸಿದ ಒಂದು ತಿಂಗಳಿಗೆ ಒಮ್ಮೆ, ಆಮೇಲೆ ಪ್ರತಿ ಮಳೆಗಾಲ ಕಳೆದ ಮೇಲೆ, ಏಣಿ ಹತ್ತಿ ಬೋಲ್ಟುಗಳನ್ನು ಸ್ಪ್ಯಾನರಿನಿಂದ ಮುಟ್ಟಿ ನೋಡಿ.