ಸಣ್ಣ ಜೆಟ್ಟು ಬಂದರೆ ನಮಗೇನು ಬಂತು?

ಗಿಣಿಗೇರಿ ಕಡೆ ಪುಟ್ಟ ವಿಮಾನವೊಂದು ಇಳಿದರೆ ಸಾಕು, ಭಾಗ್ಯನಗರದ ಅಂಗಡಿ ಕಟ್ಟೆಗಳ ಮೇಲೆ ಆ ದಿನವೆಲ್ಲ ಅದೇ ಮಾತು. "ಅಂಥಾ ಸಣ್ಣ ಜೆಟ್ಟು ನಮಗೊಂದು ಬಿಟ್ರ ಮುಗೀತ್ ನೋಡ್ರಿ. ಮುಂಜಾನಿ ಬೆಂಗಳೂರು, ಸಂಜಿಗೆ ಮನಿ" ಎಂದರು ಮೊನ್ನೆ ಒಬ್ಬ ಕೂದಲು ವ್ಯಾಪಾರಿ. ಬಸ್ಸಿಗೆ ಕಾದು ನಿಂತವರೂ ಹೌದೆಂದು ತಲೆಯಾಡಿಸಿದರು.

ಗಿಣಿಗೇರಿಯ ರನ್‌ವೇ ಖಾಸಗಿ ಕಂಪನಿಯದು. 2016ರಲ್ಲಿ ಉಡಾನ್ ಯೋಜನೆ ಬಂದ ಮೇಲೆ ಕೊಪ್ಪಳದ ಹೆಸರೂ ಕೇಳಿಬಂತು, ಆಸೆ ಚಿಗುರಿತು. ಆಸೆ ತಪ್ಪಲ್ಲ. ಯಾವ ವಿಮಾನ, ಯಾರಿಗೆ ಅಂತ ಕೇಳದಿರುವುದು ತಪ್ಪು.

ಈ ಅತಿ ಸಣ್ಣ ಜೆಟ್ಟುಗಳ ತೂಕ ಹೆಚ್ಚೆಂದರೆ ನಾಲ್ಕೂವರೆ ಟನ್ ಆಜೂಬಾಜು. ಕೂರುವವರು ನಾಲ್ಕೋ ಆರೋ ಜನ. ಇದರಲ್ಲಿ ಒಂದು ಬೇಕೆಂದರೆ ಇನ್ನೊಂದು ಬಿಡಬೇಕು. ಅಮೆರಿಕದ ಸಿರಸ್ ಕಂಪನಿ ಒಂದೇ ಎಂಜಿನ್ ಇಟ್ಟಿತು. ಖರ್ಚು ಇಳಿಯಿತು, ವೇಗವೂ ಇಳಿಯಿತು: ಗಂಟೆಗೆ ಸುಮಾರು 550 ಕಿ.ಮೀ. ಆಪತ್ತಿಗಿರಲಿ ಎಂದು ಇಡೀ ವಿಮಾನಕ್ಕೇ ಪ್ಯಾರಾಚೂಟ್ ಕಟ್ಟಿದರು! ಹೋಂಡಾದವರು ಎರಡು ಎಂಜಿನ್ನುಗಳನ್ನು ರೆಕ್ಕೆಯ ಮೇಲೇ ಕೂರಿಸಿದರು. ಒಳಗೆ ಜಾಗ ಸಿಕ್ಕಿತು, ವೇಗ 780ರ ಹತ್ತಿರ ಹೋಯಿತು. ಆದರೆ 2003ರಲ್ಲಿ ಮೊದಲು ಹಾರಿದ್ದಕ್ಕೆ ಅಮೆರಿಕದಲ್ಲಿ ಸರ್ಟಿಫಿಕೇಟ್ ಸಿಕ್ಕಿದ್ದು 2015ರಲ್ಲಿ.

ಯಾವುದನ್ನೇ ತಗೊಳ್ಳಿ, ಸೀಟೆಲ್ಲ ತುಂಬಿಸಿದರೆ ಇಂಧನ ಕಮ್ಮಿ ಮಾಡಬೇಕು. ಇನ್ನೊಬ್ಬರನ್ನು ಒತ್ತಿ ಕೂರಿಸಲು ಅದೇನು ನಮ್ಮ ಟಂಟಂ ಅಲ್ಲವಲ್ಲ! ಮೇಲಾಗಿ ನಮ್ಮ ಬೇಸಿಗೆ. ಕಾದ ಗಾಳಿ ತೆಳ್ಳಗಾಗುತ್ತದೆ, ಮೇಲೇಳಲು ಹೆಚ್ಚು ದೂರ ಓಡಬೇಕಾಗುತ್ತದೆ.

ಅಗ್ಗದ ಮಾತೂ ಆಗಿಹೋಗಿದೆ. ಅಮೆರಿಕದ ಎಕ್ಲಿಪ್ಸ್ ಕಂಪನಿ ಹತ್ತು ಲಕ್ಷ ಡಾಲರಿಗೂ ಕಡಿಮೆಗೆ ಜೆಟ್ ಕೊಡುತ್ತೇವೆಂದಿತು. ಮೊದಲು ಆರಿಸಿದ ಎಂಜಿನ್ ಕೈಕೊಟ್ಟಿತು, ಬೇರೆ ಹಾಕಿದರು, ತೂಕ ಏರಿತು. ಕೊನೆಗೆ ಬೆಲೆ ಇಪ್ಪತ್ತು ಲಕ್ಷ ದಾಟಿತು. ಅದೇ ವಿಮಾನ ನಂಬಿ ಡೇಜೆಟ್ ಎಂಬ ಕಂಪನಿ ಫ್ಲಾರಿಡಾದಲ್ಲಿ 2007ರ ಅಕ್ಟೋಬರಿನಲ್ಲಿ ಸಣ್ಣ ಊರುಗಳಿಗೆ ಆಕಾಶ ಟ್ಯಾಕ್ಸಿ ಬಿಟ್ಟಿತು. ವರ್ಷ ತುಂಬುವುದರೊಳಗೆ ಬಾಗಿಲು ಹಾಕಿತು. 2008ರಲ್ಲೇ ಎಕ್ಲಿಪ್ಸೂ ದಿವಾಳಿ. ದುಡ್ಡಿರುವ ಅಮೆರಿಕದಲ್ಲೇ ಈ ಪಾಡು!

ಲೆಕ್ಕ ಅಂಗಡಿಯವರಿಗೆ ನಾನು ಹೇಳಿಕೊಡಬೇಕೆ? ಪಿಯುಸಿ ಅರ್ಧಕ್ಕೆ ಬಿಟ್ಟವನಿಗೂ ತಿಳಿಯುವ ಲೆಕ್ಕ ಇದು. ನಾಲ್ಕು ಜನರ ವಿಮಾನದ ಖರ್ಚು ಆ ನಾಲ್ಕೇ ತಲೆಗಳ ಮೇಲೆ ಬೀಳುತ್ತದೆ. ಅದು ಮಾಲೀಕರ ವಾಹನ, ಊರಿನ ವಾಹನವಲ್ಲ. ಎಟಿಆರ್‌ನಂಥ ಫ್ಯಾನಿನ ವಿಮಾನ ನಿಧಾನ ನಿಜ. ಆದರೆ ಎಪ್ಪತ್ತು ಜನ ಖರ್ಚು ಹಂಚಿಕೊಳ್ಳುತ್ತಾರೆ.

ಆದ್ದರಿಂದ ವಿಮಾನ ತರುತ್ತೇವೆಂದು ವೇದಿಕೆ ಹತ್ತುವವರನ್ನು ಕೇಳಿ: ಎಷ್ಟು ಸೀಟು? ವಾರಕ್ಕೆ ಎಷ್ಟು ಸಲ? ಟಿಕೀಟು ಎಷ್ಟು? ರನ್‌ವೇಗೆ ರೈತರ ಹೊಲ ಕೇಳುವುದಾದರೆ ಇಳಿಯುವುದು ಯಾರ ವಿಮಾನ? ಉತ್ತರ ಕೊಟ್ಟರೆ ಚಪ್ಪಾಳೆ ಹೊಡೆಯೋಣ. ಅಲ್ಲಿಯವರೆಗೆ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೂ ಸಾಕಪ್ಪ!