ಹಿರಿಯರ ಶುಶ್ರೂಷೆ: ಮನೆಯ ಧರ್ಮವೇ, ಸಮಾಜದ ಹೊಣೆಯೇ?

ನಮ್ಮ ದೇಶದಲ್ಲಿ ಮುಪ್ಪಿನ ಮಾತು ಬಂದಾಗಲೆಲ್ಲ ಚರ್ಚೆಯು ಬಹುಬೇಗನೆ ನೀತಿಬೋಧೆಯಾಗಿ ಪರಿಣಮಿಸುವುದು. ಹಿಂದಿನ ಕಾಲದ ಮಕ್ಕಳು ತಂದೆತಾಯಿಯರನ್ನು ದೇವರಂತೆ ಕಾಣುತ್ತಿದ್ದರು, ಇಂದಿನವರು ಕಾಣುತ್ತಿಲ್ಲ ಎಂದು ಹೇಳಿ, ಕಾಲವನ್ನು ಹಳಿದು ಸುಮ್ಮನಾಗುತ್ತೇವೆ. ಈ ದೂರಿನಲ್ಲಿ ಸ್ವಲ್ಪ ಸತ್ಯವಿದ್ದರೂ ಇರಬಹುದು. ಆದರೆ ಮಕ್ಕಳೆಲ್ಲರೂ ಶ್ರವಣಕುಮಾರರೇ ಆಗಿಬಿಟ್ಟರೂ ಬಗೆಹರಿಯದ ಒಂದು ಸಮಸ್ಯೆ ನಮ್ಮೆದುರಿಗಿದೆ. ಅದು ಶೀಲದ ಸಮಸ್ಯೆಯಲ್ಲ, ಲೆಕ್ಕದ ಸಮಸ್ಯೆ. ಆದುದರಿಂದ ವಿಜ್ಞಾನದ ವಿದ್ಯಾರ್ಥಿಗಳು ಅದನ್ನು ಲೆಕ್ಕವಾಗಿಯೇ ನೋಡುವುದು ಒಳ್ಳೆಯದು.

ಮೊದಲು ಆಯುಷ್ಯದ ಲೆಕ್ಕ. 1941ರಿಂದ 1951ರವರೆಗಿನ ದಶಕದಲ್ಲಿ ಭಾರತೀಯನ ಸರಾಸರಿ ಆಯುರ್ಮಾನವು ಸುಮಾರು 32 ವರ್ಷ; ಇಂದು ಅದು ಸುಮಾರು 70 ವರ್ಷ. ಇದನ್ನು ಕೇಳಿದವರು ಅಂದಿನ ಜನರೆಲ್ಲ ಮೂವತ್ತೆರಡಕ್ಕೇ ಮುದುಕರಾಗಿ ಸಾಯುತ್ತಿದ್ದರೆಂದು ಭಾವಿಸಬಾರದು. ಒಂದು ಮಗು ಒಂದನೆಯ ವಯಸ್ಸಿನಲ್ಲಿ ತೀರಿಕೊಂಡು, ಅದರ ಅಣ್ಣ 63 ವರ್ಷ ಬಾಳಿದರೆ, ಇಬ್ಬರ ಸರಾಸರಿ 32 ಆಗುವುದು! ಅಂದು ಸರಾಸರಿಯನ್ನು ಕೆಳಗೆಳೆದಿದ್ದುದು ಮುಖ್ಯವಾಗಿ ಶಿಶುಗಳ ಮತ್ತು ಎಳೆಯರ ಸಾವು. ಸಿಡುಬು, ಮಲೇರಿಯಾ, ಕಾಲರಾಗಳನ್ನು ಹತ್ತಿಕ್ಕಿ, ಚುಚ್ಚುಮದ್ದನ್ನೂ ಶುದ್ಧವಾದ ನೀರನ್ನೂ ಒದಗಿಸಿದ ಮೇಲೆ, ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಮುಪ್ಪಿನವರೆಗೂ ಬದುಕುವಂತಾಯಿತು. ವಿಜ್ಞಾನವು ಮನುಷ್ಯನಿಗೆ ಕೊಟ್ಟ ಕೊಡುಗೆಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದಿದೆ?

ಎರಡನೆಯದು ಜನನದ ಲೆಕ್ಕ. ಒಂದು ಸಮಾಜದಲ್ಲಿ ವೃದ್ಧರ ಪ್ರಮಾಣ ಹೆಚ್ಚುವುದಕ್ಕೆ ಆಯುಷ್ಯದ ಬೆಳವಣಿಗೆಯೊಂದೇ ಕಾರಣವೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದಕ್ಕಿಂತ ಬಲವಾದ ಕಾರಣ ಜನನಗಳ ಇಳಿಕೆ. 1950ರ ಸುಮಾರಿನಲ್ಲಿ ಭಾರತದ ಒಬ್ಬ ತಾಯಿಗೆ ಸರಾಸರಿ ಆರು ಮಕ್ಕಳು; 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಎರಡು; ಕರ್ನಾಟಕದಲ್ಲಿ 1.7 ಮಾತ್ರ. ಜನಸಂಖ್ಯೆಯ ಬುಡ ಕಿರಿದಾಗಿ ತುದಿ ಅಗಲವಾಗುತ್ತಿದೆ. 2011ರ ಜನಗಣತಿಯಲ್ಲಿ ಅರುವತ್ತು ದಾಟಿದವರು ನೂರಕ್ಕೆ 8.6 ಮಂದಿ ಇದ್ದರು. 2050ರ ವೇಳೆಗೆ ನೂರಕ್ಕೆ ಸುಮಾರು 20 ಮಂದಿ ಇರುವರೆಂದು ವಿಶ್ವಸಂಸ್ಥೆಯ ಅಂದಾಜು.

ಈ ಎರಡು ಲೆಕ್ಕಗಳನ್ನೂ ಒಂದು ಮನೆಯೊಳಕ್ಕೆ ತಂದು ನೋಡೋಣ. ಆರು ಮಕ್ಕಳ ತಾಯಿ ಹಾಸಿಗೆ ಹಿಡಿದರೆ, ಸೊಸೆಯಂದಿರೂ ಹೆಣ್ಣುಮಕ್ಕಳೂ ಸರದಿಯ ಮೇಲೆ ನೋಡಿಕೊಳ್ಳುವುದು ಸಾಧ್ಯವಿತ್ತು. ಇಂದು ತಂದೆತಾಯಿಗೆ ಒಬ್ಬಳೇ ಮಗಳಾದವಳು ಒಬ್ಬನೇ ಮಗನಾದವನನ್ನು ಮದುವೆಯಾದರೆ, ಆ ಇಬ್ಬರ ಮೇಲೆ ನಾಲ್ವರು ಹಿರಿಯರ ಭಾರ ಬೀಳುವುದು. ಅಲ್ಲದೆ ಶುಶ್ರೂಷೆಯ ಸ್ವರೂಪವೂ ಬದಲಾಗಿದೆ. ಹಿಂದೆ ನ್ಯುಮೋನಿಯವೋ ವಿಷಮಶೀತಜ್ವರವೋ ಬಂದರೆ ಕೆಲವು ವಾರಗಳಲ್ಲಿ ಒಂದು ದಾರಿಯಾಗುತ್ತಿತ್ತು. ಇಂದು ಪಾರ್ಶ್ವವಾಯು, ಮುರಿದ ಸೊಂಟದ ಮೂಳೆ, ಮರೆವಿನ ಕಾಯಿಲೆ ಇವುಗಳ ಆರೈಕೆ ಹಲವು ವರ್ಷಗಳವರೆಗೆ ನಡೆಯಬೇಕಾಗುವುದು. ಭಾರತದಲ್ಲಿ ಮರೆವಿನ ಕಾಯಿಲೆಗೆ ಒಳಗಾದ ಹಿರಿಯರು ಸುಮಾರು 88 ಲಕ್ಷವೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಇಂಥ ರೋಗಿಗೆ ಬೇಕಾದುದು ಔಷಧಕ್ಕಿಂತ ಹೆಚ್ಚಾಗಿ ಹಗಲಿರುಳು ಜೊತೆಗಿರುವ ಒಂದು ಜೀವ. ಆ ಜೀವವು ಸಾಮಾನ್ಯವಾಗಿ ಮನೆಯ ಹೆಂಗಸೇ ಆಗಿರುವಳು. ಆಕೆಯ ಉದ್ಯೋಗ, ನಿದ್ರೆ, ಆರೋಗ್ಯಗಳು ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಈ ಸಂಕಟವನ್ನು ನಮಗಿಂತ ಮುಂಚೆ ಎದುರಿಸಿದ ಏಷ್ಯಾದ ದೇಶ ಜಪಾನು. ಅರುವತ್ತೈದು ದಾಟಿದವರ ಪ್ರಮಾಣವು ನೂರಕ್ಕೆ 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ ಸುಮಾರು 115 ವರ್ಷ ಹಿಡಿಯಿತು. ಜಪಾನಿಗೆ 1970ರಿಂದ 1994ರವರೆಗಿನ 24 ವರ್ಷಗಳೇ ಸಾಕಾದುವು. ಜಪಾನಿನಲ್ಲಿಯೂ ಹಿರಿಯರ ಸೇವೆ ಹಿರಿಯ ಮಗನ ಧರ್ಮ, ಅಂದರೆ ಆಚರಣೆಯಲ್ಲಿ ಸೊಸೆಯ ದುಡಿಮೆ, ಎಂಬ ಸಂಪ್ರದಾಯವಿತ್ತು. 1980ರಲ್ಲಿ ಅಲ್ಲಿಯ ವೃದ್ಧರಲ್ಲಿ ನೂರಕ್ಕೆ ಸುಮಾರು 70 ಮಂದಿ ಮಕ್ಕಳೊಡನೆ ವಾಸವಾಗಿದ್ದರು. 2015ರ ವೇಳೆಗೆ ಈ ಪ್ರಮಾಣವು 40ಕ್ಕಿಂತ ಕೆಳಗಿಳಿಯಿತು. ಧರ್ಮೋಪದೇಶದಿಂದ ಈ ಇಳಿಕೆಯನ್ನು ತಡೆಯುವುದು ಸಾಧ್ಯವಾಗಲಿಲ್ಲ.

ಆಗ ಜಪಾನು ಕೈಗೊಂಡ ನಿರ್ಧಾರ ಗಮನಾರ್ಹವಾದುದು. 1997ರಲ್ಲಿ ಕಾನೂನು ಮಾಡಿ, 2000ದ ಏಪ್ರಿಲ್‌ನಿಂದ ದೀರ್ಘಕಾಲದ ಶುಶ್ರೂಷೆಗೆಂದೇ ಒಂದು ಕಡ್ಡಾಯ ವಿಮೆಯನ್ನು ಅದು ಜಾರಿಗೆ ತಂದಿತು. ನಲವತ್ತು ದಾಟಿದವರೆಲ್ಲರೂ ಕಂತು ಕಟ್ಟಬೇಕು. ವೆಚ್ಚದ ಅರ್ಧ ಈ ಕಂತುಗಳಿಂದ, ಉಳಿದರ್ಧ ತೆರಿಗೆಯಿಂದ. ವೃದ್ಧನಿಗೆ ಎಷ್ಟು ನೆರವು ಬೇಕೆಂಬುದನ್ನು ಆತನ ದೇಹಸ್ಥಿತಿಯಿಂದ ಅಳೆಯುವರೇ ಹೊರತು, ಮಕ್ಕಳಿದ್ದಾರೆಯೇ ಇಲ್ಲವೇ ಎಂದು ಕೇಳುವುದಿಲ್ಲ. ಸ್ನಾನ ಮಾಡಿಸಲು, ಊಟ ಮಾಡಿಸಲು ಮನೆಗೇ ಬರುವ ಸಹಾಯಕರು, ಹಗಲು ಹೊತ್ತು ಕಳೆಯುವ ಕೇಂದ್ರಗಳು, ನಡೆದಾಡಿಸುವ ವ್ಯಾಯಾಮ ಇವೆಲ್ಲ ಅದರಿಂದ ದೊರೆಯುವುವು. ಸಾಮಾನ್ಯ ವರಮಾನದವನು ವೆಚ್ಚದ ಹತ್ತರಲ್ಲೊಂದು ಪಾಲು ಕೊಟ್ಟರೆ ಸಾಕು. ಕುಟುಂಬಕ್ಕೆ ನಗದು ಹಣ ಕೊಡುವ ಸಲಹೆಯೂ ಬಂದಿತ್ತು. ಹಣ ಕೊಟ್ಟರೆ ಸೊಸೆಯು ಹಾಸಿಗೆಯ ಬದಿಗೆ ಮತ್ತಷ್ಟು ಬಿಗಿಯಾಗಿ ಕಟ್ಟಲ್ಪಡುವಳೆಂದು ಅಲ್ಲಿಯ ಮಹಿಳಾ ಸಂಘಟನೆಗಳು ವಿರೋಧಿಸಿದುವು. ಕೊನೆಗೆ ಹಣಕ್ಕೆ ಬದಲಾಗಿ ಸೇವೆಯನ್ನೇ ಕೊಡುವ ಪದ್ಧತಿ ನಿಂತಿತು.

ಈ ವ್ಯವಸ್ಥೆ ನಿರ್ದೋಷವಾದುದೇನೂ ಅಲ್ಲ. ಕಂತುಗಳು ಏರುತ್ತಿವೆ, ಸಹಾಯಕರ ಕೊರತೆ ತೀವ್ರವಾಗಿದೆ, ಅನುಕೂಲಸ್ಥರ ಪಾಲನ್ನು ಹತ್ತರಲ್ಲೆರಡು, ಮೂರಕ್ಕೆ ಏರಿಸಬೇಕಾಗಿ ಬಂದಿದೆ. ಆದರೂ ಒಂದು ಮೂಲತತ್ತ್ವವನ್ನು ಅದು ಸ್ಥಾಪಿಸಿದೆ: ಮುಪ್ಪಿನ ಆಸರೆಯು ಮಕ್ಕಳ ಸಂಖ್ಯೆಯನ್ನೂ ಮನಸ್ಸನ್ನೂ ಅವಲಂಬಿಸಿರಬಾರದು.

ನಮ್ಮಲ್ಲಿ ಏನಿದೆ? ತಂದೆತಾಯಿಯರ ಪೋಷಣೆಗೆ 2007ರ ಕಾಯಿದೆಯಿದೆ. ಅದರ ಮೇರೆಗೆ ವೃದ್ಧರು ನ್ಯಾಯಮಂಡಳಿಗೆ ದೂರಿತ್ತು ಮಕ್ಕಳಿಂದ ಮಾಸಾಶನ ಪಡೆಯಬಹುದು. ಕಾಯಿದೆ ಅವಶ್ಯಕವೇ, ಆದರೆ ಅದು ಹೊಣೆಯನ್ನು ಮತ್ತೆ ಮನೆಯ ಮೇಲೆಯೇ ಹೊರಿಸುವುದು. ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರಕಾರ ಕೊಡುವ ಪಾಲು ಎಂಬತ್ತರೊಳಗಿನವರಿಗೆ ತಿಂಗಳಿಗೆ 200 ರೂಪಾಯಿ ಮಾತ್ರ. ಉಳಿದುದನ್ನು ಆಯಾ ರಾಜ್ಯ ಸೇರಿಸಬೇಕು. 2024ರಿಂದ ಎಪ್ಪತ್ತು ದಾಟಿದವರೆಲ್ಲರಿಗೂ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತಿರುವುದು ದೊಡ್ಡ ಹೆಜ್ಜೆ. ಆದರೆ ಅದು ಆಸ್ಪತ್ರೆಗೆ ಸೇರಿದವರಿಗೆ. ಆಸ್ಪತ್ರೆಯಿಂದ ಮರಳಿದ ಮೇಲೆ ವರ್ಷಗಟ್ಟಲೆ ಮಗ್ಗುಲು ಬದಲಿಸುವವರಾರು? ಆ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ.

ಜಪಾನಿನ ವಿಮೆಯನ್ನು ಹಾಗೆಯೇ ಕಿತ್ತು ತಂದು ಇಲ್ಲಿ ನೆಡಲಾಗದು. ನಮ್ಮಲ್ಲಿ ದುಡಿಯುವವರ ಬಹುಪಾಲಿಗೆ ನಿಶ್ಚಿತವಾದ ಸಂಬಳವಿಲ್ಲ. ಕಂತನ್ನು ಎಲ್ಲಿಂದ ಹಿಡಿಯುವುದು? ಹೆಚ್ಚಿನ ಭಾಗವನ್ನು ತೆರಿಗೆಯಿಂದಲೇ ಭರಿಸಬೇಕಾಗುವುದು. ಆದರೆ ಜಪಾನಿಗೆ ಇಲ್ಲದ ಒಂದು ಸೌಕರ್ಯ ನಮಗಿದೆ. ಅದು ನಮ್ಮ ಯುವಜನರ ಸಂಖ್ಯೆ. 2005ರಿಂದ ಆಶಾ ಕಾರ್ಯಕರ್ತೆಯರು ಹಳ್ಳಿಹಳ್ಳಿಗಳಲ್ಲಿ ಬಸುರಿ ಬಾಣಂತಿಯರನ್ನೂ ಶಿಶುಗಳನ್ನೂ ನೋಡಿಕೊಳ್ಳುತ್ತ ಬಂದಿದ್ದಾರೆ. ಅದೇ ಮಾದರಿಯಲ್ಲಿ, ಆದರೆ ಗೌರವಧನದಿಂದಲ್ಲದೆ ನ್ಯಾಯವಾದ ವೇತನದಿಂದ, ವೃದ್ಧರ ಮನೆಗೆ ಹೋಗುವ ತರಬೇತಿ ಪಡೆದ ಸ್ತ್ರೀಪುರುಷರ ಪಡೆಯೊಂದನ್ನು ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿಯೂ ಏಕೆ ಕಟ್ಟಬಾರದು? ನಿರುದ್ಯೋಗಕ್ಕೂ ಅದು ಸ್ವಲ್ಪ ಮದ್ದಾದೀತು.

ಹೀಗೆ ಮಾಡಿದರೆ ಮಕ್ಕಳ ಪ್ರೀತಿ ತಣ್ಣಗಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಮಕ್ಕಳಿಗೆ ಅಕ್ಷರ ಕಲಿಸುವುದು ಒಂದು ಕಾಲದಲ್ಲಿ ಮನೆಯವರ ಹೊಣೆಯೇ ಆಗಿತ್ತು. ಸರಕಾರವು ಶಾಲೆಗಳನ್ನು ತೆರೆದುದರಿಂದ ತಾಯಿತಂದೆಯರ ವಾತ್ಸಲ್ಯ ಬತ್ತಿತೇ? ದೇಹವನ್ನು ಎತ್ತಿ ಇಳಿಸುವ ಕೆಲಸದಲ್ಲಿ ಪಾಲುದಾರರು ದೊರೆತಾಗ, ಮಗಳಿಗೆ ತಂದೆಯ ಪಕ್ಕದಲ್ಲಿ ಕುಳಿತು ಮಾತನಾಡಲು ಬಿಡುವು ದೊರೆಯುವುದು. ದಣಿದು ಸಿಡುಕಾದ ಸೇವೆಗಿಂತ ಇದು ಪ್ರೀತಿಗೆ ಹೆಚ್ಚು ಹತ್ತಿರವಾದುದು.

ಇದನ್ನು ಓದುತ್ತಿರುವ ವಿದ್ಯಾರ್ಥಿಗೆ ಈಗ ಹದಿನೆಂಟು ವರ್ಷವಾಗಿದ್ದರೆ, 2050ರಲ್ಲಿ ನಲವತ್ತು ದಾಟಿರುವುದು. ತಂದೆತಾಯಿಯರು ಬಹುಶಃ ಎಪ್ಪತ್ತರ ಆಸುಪಾಸಿನಲ್ಲಿರುವರು. ಆ ಹೊತ್ತಿಗೆ ಆಸರೆಯ ವ್ಯವಸ್ಥೆ ಸಿದ್ಧವಿರಬೇಕಾದರೆ ಈಗಲೇ ಆರಂಭಿಸಬೇಕು, ಏಕೆಂದರೆ ದುಡಿಯುವ ಕೈಗಳು ಹೆಚ್ಚಾಗಿರುವ ಕಾಲವಿದು. ಆಯುಷ್ಯವನ್ನು ವಿಜ್ಞಾನ ಇಮ್ಮಡಿ ಮಾಡಿಕೊಟ್ಟಿತು. ಹೀಗೆ ದೊರೆತ ವರ್ಷಗಳು ವರವಾಗುವುವೋ ಹೊರೆಯಾಗುವುವೋ ಎಂಬುದನ್ನು ನಿರ್ಧರಿಸುವುದು ಪ್ರಯೋಗಶಾಲೆಯ ಕೆಲಸವಲ್ಲ. ಅದು ಪಂಚಾಯತಿಯ, ಶಾಸನಸಭೆಯ, ಮತ್ತು ಅವುಗಳನ್ನು ಆರಿಸುವ ನಮ್ಮನಿಮ್ಮೆಲ್ಲರ ಕೆಲಸ.